ಎರಡು ಬೆರಳಿನ ಅಳತೆ

ಶಾಲೆಯ ಸಭಾಂಗಣದ ಬಾಗಿಲಿನಿಂದ ಒಂದು ತಾಮ್ರದ ತಗಡನ್ನು ಯಾರೋ ಕಿತ್ತಿದ್ದರು. ಆ ಬಾಗಿಲಿಗೆ ತಾಮ್ರ ಹೊದಿಸಿದ ಹೆಂಗಸು ರಾತ್ರಿ ಅಲ್ಲೇ ಬಿಟ್ಟುಹೋಗಿದ್ದ ಚೀಲದಲ್ಲಿ ಅಂಥದೇ ತಗಡು ಸಿಕ್ಕಿತು. ಶಾಲೆಯವರು ಅವಳ ಸುತ್ತಿಗೆ, ಉಳಿಗಳನ್ನು ಕಸಿದುಕೊಂಡರು. ಸಂಜೆ ಐದರೊಳಗೆ ಕಳವು ಒಪ್ಪಿ ಸಹಿ ಹಾಕಬೇಕು, ಇಲ್ಲವೇ ಪೊಲೀಸರನ್ನು ಕರೆಸುತ್ತೇವೆ ಎಂದರು.

ಅವಳು ನಮ್ಮ ಮನೆಗೆ ಬಂದಾಗ ಮೂರು ಗಂಟೆ. ಕೇರಿಯವರೆಲ್ಲ ಅವಳನ್ನು ತಾಮ್ರದಕ್ಕ ಎಂದೇ ಕರೆಯುತ್ತಿದ್ದರು.

"ಅಮ್ಮಾ, ಸಹಿ ಹಾಕಿದ್ರೆ ಕಳ್ಳಿ, ಹಾಕದಿದ್ರೆ ಜೈಲು. ಇನ್ಯಾರು ನನ್ನ ಕೈಗೆ ಬಾಗಿಲು ಕೊಡ್ತಾರೆ?"

ನನ್ನ ಸೋದರತ್ತೆ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ನಿವೃತ್ತಿಯಾದ ಮೇಲೆ ಕೇರಿಯ ಗೋಜಲುಗಳನ್ನು ಬಿಡಿಸುತ್ತಿದ್ದಳು. ಅವಳ ಹಿಂದೆ ಓಡಾಡಿ ಕಂಡದ್ದನ್ನು ಬರೆದಿಡುವುದು ನನ್ನ ಪಾಲಿನ ಕೆಲಸವಾಗಿತ್ತು.

"ಎಷ್ಟು ತಗಡು ತಟ್ಟಿದ್ದೆ?" ಅತ್ತೆ ಕೇಳಿದಳು.

"ಬಾಗಿಲಿಗೆ ಇಪ್ಪತ್ನಾಲ್ಕು. ಯಾವಾಗ್ಲೂ ಒಂದು ಹೆಚ್ಚು ತಟ್ತೀನಿ, ಸೀಳಿದ್ರೆ ಇರ್ಲಿ ಅಂತ. ಅದು ಮರದ ಕೆಲಸದ ಮೇಸ್ತ್ರಿ ಪೆಟ್ಟಿಗೇಲಿದೆ. ಬೀಗದ ಕೈ ಅವನ ಹತ್ರಾನೇ."

"ಅವನ ಜೊತೆ ಜಗಳ ಏನಾದ್ರೂ?"

"ಹಲಗೆ ನೀರು ಕುಡಿದು ಹಸಿ ಇದೆ, ತಾಮ್ರ ಹೊದಿಸಿದ್ರೆ ಒಳಗೊಳಗೇ ಕೊಳೆಯುತ್ತೆ ಅಂದೆ. 'ತಗಡು ನೀನು ನೋಡ್ಕೋ, ಮರ ನಾನು ನೋಡ್ಕೋತೀನಿ' ಅಂದ."

ನಾವು ಶಾಲೆ ತಲುಪಿದಾಗ ನಾಲ್ಕು ದಾಟಿತ್ತು. ಬಾಗಿಲು ಎರಡಾಳು ಎತ್ತರ. ಮೈತುಂಬ ಬಳ್ಳಿಯ ಚಿತ್ತಾರ ತಟ್ಟಿದ ತಾಮ್ರ. ಕೆಳಗಿನ ಕೀಲಿನ ಬಳಿ ಮಾತ್ರ ಒಂದು ತಗಡಿನಷ್ಟು ಜಾಗ ಬೋಳಾಗಿತ್ತು. ಒಳಗೆ ಮಕ್ಕಳು ಮರುದಿನದ ಉದ್ಘಾಟನೆಗೆ ಹಾಡು ಕಲಿಯುತ್ತಿದ್ದರು. ನನ್ನ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ.

"ಕರಡು ತಿದ್ದೋರು ಈಗ ತಾಮ್ರ ತಿದ್ದೋಕೆ ಬಂದ್ರಾ?" ಶಾಲೆಯ ಯಜಮಾನರು ನಕ್ಕರು.

"ತಪ್ಪು ಎಲ್ಲಿದ್ರೂ ತಪ್ಪೇ ಸ್ವಾಮಿ."

ಬೋಳು ಜಾಗದ ನಡುವೆ ಹೊಸದಾಗಿ ಪುಟ್ಟಿ ಮೆತ್ತಿದ್ದರು, ಅಂಚಿನ ಮೊಳೆತೂತುಗಳು ಹಾಗೇ ಇದ್ದವು. ಅತ್ತೆ ಅದನ್ನು ಮೂಸಿದಳು. ಅಕ್ಕಪಕ್ಕದ ಮೊಳೆಸಾಲಿನ ಮೇಲೆ ಬೆರಳಾಡಿಸಿದಳು. ಮೊಳೆಗಳು ಒಂದೇ ಅಂತರದಲ್ಲಿರಲಿಲ್ಲ, ಚೂರು ಹೆಚ್ಚುಕಡಿಮೆ.

"ಏನಿಟ್ಟು ಅಳೀತೀಯ ತಾಮ್ರದಕ್ಕ?"

ಅವಳು ಎಡಗೈಯ ಎರಡು ಬೆರಳು ಚಾಚಿದಳು. ಸುತ್ತಿಗೆ ಏಟು ತಿಂದು ನಡುಬೆರಳು ಉಬ್ಬಿತ್ತು. "ಇದೇ ನನ್ನ ಸ್ಕೇಲು."

ಅವಳ ಚೀಲದಲ್ಲಿ ಸಿಕ್ಕ ತಗಡು ಮೇಜಿನ ಮೇಲಿತ್ತು. ಅದರ ಅಂಚಿನ ತೂತುಗಳು ಕವಾಯತಿಗೆ ನಿಂತಂತೆ ನೆಟ್ಟಗಿದ್ದವು.

"ಕಳುವಾದದ್ದು ಮೊದಲು ಕಂಡಿದ್ದು ಯಾರಿಗೆ?" ಅತ್ತೆ ಕಾವಲುಗಾರನನ್ನು ಕೇಳಿದಳು.

"ಬೆಳಿಗ್ಗೆ ಆರಕ್ಕೆ ನಾನು ಗೇಟಿಗೆ ಬಂದೆ. ನಾನು ಬಂದದ್ದು ಕಂಡು ಮೇಸ್ತ್ರಿಗಳು 'ಕಳ್ಳತನ, ಕಳ್ಳತನ' ಅಂತ ಕೂಗಿದ್ರು."

ಐದಕ್ಕೆ ಹತ್ತು ನಿಮಿಷವಿತ್ತು. ಯಜಮಾನರು ಕಾಗದ, ಪೆನ್ನು ಮುಂದೆ ತಳ್ಳಿದರು. ತಾಮ್ರದಕ್ಕ ಅತ್ತೆಯ ಕಡೆ ನೋಡಿದಳು.

"ಎಲ್ಲರೂ ಬಾಗಿಲ ಹತ್ರ ಬನ್ನಿ," ಅತ್ತೆ ಅಂದಳು. ಯಜಮಾನರು, ಮೇಸ್ತ್ರಿ, ಕಾವಲುಗಾರ, ತಾಮ್ರದಕ್ಕ ಬಂದು ನಿಂತರು.

ಅತ್ತೆ ಮೇಜಿನ ತಗಡನ್ನು ಬೋಳು ಜಾಗಕ್ಕೆ ಒತ್ತಿ ಹಿಡಿದಳು. "ನೋಡಿ. ಮರದ ತೂತೇ ಬೇರೆ, ತಗಡಿನ ತೂತೇ ಬೇರೆ. ಒಂದೂ ಕೂಡ್ತಿಲ್ಲ. ಮೊಳೆ ತಲೆ ಒತ್ತಿದ ಗುರುತೂ ಇಲ್ಲ. ಇದು ಬಾಗಿಲಿನಿಂದ ಕಿತ್ತದ್ದಲ್ಲ, ಬಾಗಿಲಿಗೆ ಹೊಡೆದದ್ದೇ ಅಲ್ಲ. ಇದು ಹೆಚ್ಚಿಗೆ ತಟ್ಟಿದ ಇಪ್ಪತ್ತೈದನೇ ತಗಡು. ಮೇಸ್ತ್ರಿ, ಜೇಬಿನ ಸ್ಕೇಲು ಕೊಡಪ್ಪ."

ಮೇಸ್ತ್ರಿ ಕೊಡಲಿಲ್ಲ. ಕಾವಲುಗಾರ ಅವನ ಜೇಬಿನಿಂದ ಎಳೆದ. ಹಿತ್ತಾಳೆ ಸ್ಕೇಲನ್ನು ಅಡ್ಡ ಇಟ್ಟರೆ ಅದರ ಅಗಲ ತೂತಿನಿಂದ ತೂತಿಗೆ ಸರಿಯಾಗಿ ಕೂತಿತು. ಪ್ರತಿ ಸಲವೂ.

"ಸ್ಕೇಲಿಟ್ಟು ಪಕ್ಕದಲ್ಲಿ ಚುಚ್ಚುತ್ತಾ ಹೋಗಿದಾನೆ. ಇವಳು ಜನ್ಮದಲ್ಲಿ ಸ್ಕೇಲು ಹಿಡಿದವಳಲ್ಲ. ಇನ್ನು ಈ ಪುಟ್ಟಿ. ತಗಡು ಕದ್ದವನು ಬಾಗಿಲಿಗೆ ಪುಟ್ಟಿ ಮೆತ್ತಿ ಹೋಗ್ತಾನಾ? ಮರದ ಹುಳುಕು ಮುಚ್ಚಬೇಕಾದವನು ಮೆತ್ತುತ್ತಾನೆ."

ಅತ್ತೆ ಪುಟ್ಟಿಯನ್ನು ಬೆರಳಿನಿಂದ ಒತ್ತಿದಳು. ಬೆರಳು ಗೆಣ್ಣಿನವರೆಗೆ ಹಲಗೆಯೊಳಗೆ ಹೋಯಿತು.

"ಇಲ್ಲಿದ್ದ ತಗಡಿನ ಮೊಳೆ ಸುತ್ತ ಕಿಲುಬು ಸೋರೋಕೆ ಶುರುವಾಗಿರಬೇಕು. ಉದ್ಘಾಟನೆಗೆ ಬಂದವರು ಕಂಡರೆ ಹಲಗೆ ಗುಟ್ಟು ಬಯಲು. ಬೆಳಕು ಹರಿಯೋ ಮುಂಚೆ ಅದನ್ನ ಕಿತ್ತು, ಪುಟ್ಟಿ ಮೆತ್ತಿ, ಹೊಸದಕ್ಕೆ ತೂತು ಹಾಕಿದ. ಹೊಡೆಯೋ ಹೊತ್ತಿಗೆ ಕಾವಲುಗಾರ ಬಂದ. ಕೈಯಲ್ಲಿದ್ದದ್ದನ್ನ ಅಲ್ಲೇ ಇದ್ದ ಇವಳ ಚೀಲಕ್ಕೆ ತುರುಕಿ ಕೂಗಿದ. ಹಳೇದು ದೂರ ಹೋಗಿರೋಕಿಲ್ಲ."

ಮೇಸ್ತ್ರಿಯ ಕಣ್ಣು ಸಿಮೆಂಟು ಚೀಲಗಳ ಕಡೆ ಹೊರಳಿತು. ಕಾವಲುಗಾರ ಚೀಲಗಳ ಹಿಂದಿನಿಂದ ತಗಡು ತಂದ. ಬೆನ್ನೆಲ್ಲ ಕಪ್ಪು, ಹಸಿರು.

"ನಾನೊಬ್ಬನೇನಾ?" ಮೇಸ್ತ್ರಿ ಸಿಡಿದ. "ಕೆಡವಿದ ಕಟ್ಟಡದ ಹಲಗೇನೇ ಸಾಕು ಅಂದಿದ್ದು ಯಾರು ಯಜಮಾನ್ರೇ?"

ಯಜಮಾನರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವರು ಕಾಗದವನ್ನು ಹರಿದು ಜೇಬಿಗಿಟ್ಟರು.

"ಸರಿ, ಇವಳು ಕಳ್ಳಿಯಲ್ಲ. ಮುಗೀತಲ್ಲ? ಸುತ್ತಿಗೆ ಕೊಡ್ರೋ. ತಗೋಮ್ಮ, ಹೊಸ ತಗಡು ಹೊಡೆದುಬಿಡು. ನಾಳೆ ಒಂದು ದಿನ ಕಳೀಲಿ. ಹಲಗೆ ವಿಚಾರ ರಜೇಲಿ ನೋಡೋಣ. ನಿನ್ನ ಕೆಲಸ ಎಲ್ಲೂ ಹೋಗಲ್ಲ."

ತಾಮ್ರದಕ್ಕ ಸುತ್ತಿಗೆ ತೆಗೆದುಕೊಂಡಳು. ಮೇಲಿನ ಕೀಲನ್ನು ನೋಡಿದಳು. ಅಷ್ಟೆತ್ತರದ ಬಾಗಿಲಿನ ಆ ಕೀಲು ಕೂತಿದ್ದದ್ದೂ ಅದೇ ಕೊಳೆತ ಹಲಗೆಯಲ್ಲಿ. ಹಾಡು ಮುಗಿದಿತ್ತು, ಒಳಗಿನಿಂದ ಪುಟ್ಟ ಹೆಜ್ಜೆಗಳು ಬಾಗಿಲ ಕಡೆ ಓಡಿಬರುತ್ತಿದ್ದವು. ಅವಳು ಹೊಸಿಲಿಗೆ ಅಡ್ಡ ನಿಂತಳು.

"ಮಕ್ಕಳೇ, ಹಿಂದಿನ ಬಾಗಿಲಿಂದ ಹೋಗಿ!" ಎಂದು ಕೂಗಿದಳು. ಆಮೇಲೆ ಯಜಮಾನರ ಕಡೆ ತಿರುಗಿದಳು.

"ನಾನು ಹೊಡೆಯಲ್ಲ."