ಒಟ್ಟು ಎರಡು, ಹಾಜರಿ ಒಂದು

"ದಿನಾ ಇದನ್ನ ಬರೀತಿರೋದು ನೀನೇನಾ?"

ಹಿಂದಿನಿಂದ ಬಂದ ಗಂಡಸಿನ ದನಿಗೆ ಗಾನವಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಬೀಗದಕೈ ನೆಲಕ್ಕೆ ಬಿತ್ತು.

ಗಂಡಸಿ ಪೇಟೆಗೆ ಹತ್ತಿರದ ಆ ಊರಿನಲ್ಲಿ, ಅರಸರ ಕಾಲದ ಹೆಂಚಿನ ಮಿಡ್ಲಿಸ್ಕೂಲು ಅದು. ಮುಚ್ಚಿ ಹದಿನಾಲ್ಕು ವರ್ಷ. ಹೊರಗೆ ಸುಡು ಮಧ್ಯಾಹ್ನ, ಏಳನೇ ತರಗತಿಯ ಕೋಣೆಯಲ್ಲಿ ಮಾತ್ರ ಮೈ ಜುಮ್ಮೆನ್ನುವಷ್ಟು ತಂಪು. ಕಪ್ಪುಹಲಗೆಯ ಮೇಲೆ ಇವತ್ತಿನ ತಾರೀಖು! ಅದರ ಕೆಳಗೆ...

ಒಟ್ಟು 2. ಹಾಜರಿ 1. ಗೈರು 1.

ದುಂಡನೆಯ ಆ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತು. ಇದೇ ಕೋಣೆಯಲ್ಲಿ ಪಾಠ ಹೇಳಿದ ಸುಂದರಮ್ಮ ಮಿಸ್ಸಿನದು. ಆದರೆ ಮಿಸ್ಸು ತೀರಿಕೊಂಡು ಆರು ವರ್ಷವಾಗಿದೆಯಲ್ಲ!

ತಿರುಗಿದಳು. ಬಾಗಿಲಲ್ಲಿ ನಿಂತವನ ಹುಬ್ಬಿನ ಮೇಲಿನ ಹಳೇ ಗಾಯದ ಗುರುತು ಕಂಡಿದ್ದೇ ಯಾರೆಂದು ಗೊತ್ತಾಯಿತು.

ಇಂದುಧರ!

ಊರಿನ ಮಕ್ಕಳೆಲ್ಲ ಅರಸೀಕೆರೆ ಕಾನ್ವೆಂಟಿನ ವ್ಯಾನು ಹತ್ತಿದ ಮೇಲೆ ಈ ಶಾಲೆಯಲ್ಲಿ ಉಳಿದಿದ್ದವರು ಅವರಿಬ್ಬರೇ. ಶಾಲೆ ಮುಚ್ಚುವ ದಿನ ಅವನು ಬರಲೇ ಇಲ್ಲ. ಅಪ್ಪನಿಗೆ ವರ್ಗವಾಯಿತೆಂದು ಒಂದು ಮಾತೂ ಹೇಳದೆ ಬೇಲೂರಿಗೆ ಹೊರಟುಹೋದ. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ. ಅವಳು ಅದನ್ನು ಸಿಟ್ಟೆಂದೇ ಕರೆಯುತ್ತಿದ್ದಳು, ಸದ್ಯಕ್ಕೆ ನಾವೂ ಹಾಗೇ ಕರೆಯೋಣ.

"ಓಹೋ, ಕಟ್ಟಡ ನೋಡೋಕೆ ಬಂದಿರೋ ಇಂಜಿನಿಯರ್ ನೀವೇನಾ? ಬೀಗದಕೈ ಇರೋದೇ ಎರಡು. ನನ್ನತ್ರ ಒಂದು, ನಿಮ್ಮತ್ರ ಒಂದು. ನೀವೇ ಬರೆದು ನನ್ನ ಕೇಳ್ತೀರಾ?"

"ನಾನಾ?" ಅವನ ಮುಖ ಬಿಳಿಚಿಕೊಂಡಿತು. "ಮೂರು ದಿನದಿಂದ ನೋಡ್ತಿದೀನಿ, ತಾರೀಖು ಮಾತ್ರ ಬದಲಾಗುತ್ತೆ. ನನ್ನ ಹಂಗಿಸೋಕೆ ನೀನೇ ಬರೀತಿದೀಯ ಅಂದ್ಕೊಂಡೆ ಗಾನವಿ..."

ಅವಳು ನಂಬಲಿಲ್ಲ. ದಡದಡ ಹೊರಗೆ ನಡೆದುಬಿಟ್ಟಳು.

ಪಂಚಾಯ್ತಿ ಅಧ್ಯಕ್ಷ ಸಿದ್ದಬಸಪ್ಪ ರಸ್ತೆಯಲ್ಲೇ ಸಿಕ್ಕರು. "ನಾಳೀಕೆ ಗ್ರಾಮಸಭೆ ಐತೆ ಕಣವ್ವ. ಇಸ್ಕೂಲು ಉಳ್ಸದೋ ಕೆಡವದೋ, ಇಂಜಿನಿಯರ್ ಬರ್ಕೊಟ್ಟಂಗೆ."

ಗಾನವಿಯ ಮಂಚದ ಕೆಳಗೆ ನಾಲ್ಕು ಪೆಟ್ಟಿಗೆ ಪುಸ್ತಕಗಳಿದ್ದವು. ಸುಂದರಮ್ಮ ಮಿಸ್ಸು ಸಾಯುವ ಮುಂಚೆ ಅವಳಿಗೆ ಕೊಟ್ಟಿದ್ದವು. ಆ ಕೋಣೆಯಲ್ಲೇ ಊರಿಗೊಂದು ಓದುವ ಮನೆ ಮಾಡಬೇಕೆಂಬುದು ಅತಿಥಿ ಶಿಕ್ಷಕಿಯಾದ ಅವಳ ಒಂದೇ ಆಸೆ. ಅದು ಈಗ ಅವನ ಕೈಯಲ್ಲಿ... ಅವನ ಕೈಯಲ್ಲೇ ಇರಬೇಕಾ, ದೇವರೇ!

ಮರುದಿನ ಬೆಳಗ್ಗೆ ಶಾಲೆಯ ಕಿಟಕಿಯಿಂದ ಒಳಗೆ ಇಣುಕಿದಳು. ಮಾಡಿನ ತೊಲೆಗಳ ಮೇಲೆ ಕೆಂಪು ಬಣ್ಣದ ಅಡ್ಡಗೆರೆ!

'ಕೆಡವೋಕೆ ಗುರುತು ಹಾಕೇಬಿಟ್ಟನಲ್ಲ...' ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಢಣ್... ಢಣ್... ಢಣ್...

ಜಗಲಿಯಲ್ಲಿ ಗಂಟೆಯಾಗಿ ನೇತುಹಾಕಿದ್ದ ರೈಲುಕಂಬಿಯ ತುಂಡು! ಓಡಿ ಬಂದಳು. ಅತ್ತ ಕಡೆಯಿಂದ ಇಂದುಧರನೂ ಏದುಸಿರು ಬಿಡುತ್ತಾ ಓಡಿ ಬಂದ. ಕಂಬಿ ತಾನಾಗಿಯೇ ತೂಗುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಹೆದರಿಕೆಯಲ್ಲಿ ಅವಳು ಅವನ ತೋಳು ಹಿಡಿದಿದ್ದಳು. ಗೊತ್ತಾದ ತಕ್ಷಣ ಬಿಟ್ಟಳು.

"ಕೆಡವಿಸಿಬಿಡ್ತೀರಲ್ಲ, ಸಂತೋಷಾನಾ?"

"ಯಾರು ಹೇಳಿದ್ದು? ಗೆದ್ದಲು ಹಿಡಿದ ಮೂರು ತೊಲೆ ಬದಲಾಯಿಸಬೇಕು, ಗುರುತು ಅವಕ್ಕೆ ಮಾತ್ರ. ತಗೋ, ನೋಡು."

ಅವನು ಕೊಟ್ಟ ವರದಿಯ ಕೊನೆಯ ಸಾಲನ್ನು ಅವಳು ಎರಡೆರಡು ಸಲ ಓದಿದಳು. 'ಕಟ್ಟಡ ಭದ್ರವಾಗಿದೆ, ಉಳಿಸಿಕೊಳ್ಳತಕ್ಕದ್ದು.'

ವರದಿ ಮಡಚಿ ಅವನ ಕೈಗೆ ಕೊಟ್ಟಳು. "ಆವತ್ತು ಯಾಕೆ ಬರಲಿಲ್ಲ?"

"ಬಂದಿದ್ದೆ." ಅವನು ಕಿಟಕಿಯತ್ತ ಕೈ ತೋರಿಸಿದ. "ಅಲ್ಲಿ ನಿಂತಿದ್ದೆ. ಒಳಗೆ ಬಂದ್ರೆ ನಿನ್ನ ಮುಂದೆ ಅತ್ತುಬಿಡ್ತೀನಿ ಅಂತ... ಬರಲಿಲ್ಲ. ಆವತ್ತಿಂದ ನಿನ್ನ ಬಿಟ್ಟು ಬೇರೆ ಯಾರನ್ನೂ ಇಷ್ಟಪಟ್ಟಿಲ್ಲ ಗಾನವಿ."

ಹದಿನಾಲ್ಕು ವರ್ಷ ಸಿಟ್ಟೆಂದು ಕರೆದಿದ್ದಕ್ಕೆ ನಿಜವಾದ ಹೆಸರೇನೆಂದು ಅವಳಿಗೆ ಆಗ ಗೊತ್ತಾಯಿತು. ಪ್ರೀತಿ.

"ಆವತ್ತು ನಿನಗೆ ಗೈರು ಹಾಕಿದ ಮಿಸ್ಸು ಏನಂದ್ರು ಗೊತ್ತಾ?" ಅವಳು ಕೋಣೆಯತ್ತ ನೋಡಿದಳು. "ಅವನು ಬಂದ್ಮೇಲೆ ತಿದ್ದೋಣ, ಬೋರ್ಡು ಒರೆಸಬೇಡ ಅಂದ್ರು..."

ಇಬ್ಬರೂ ಕೋಣೆಯೊಳಗೆ ಹೋದರು. ಹಲಗೆಯ ಮೇಲೆ ಅದೇ ಲೆಕ್ಕ. ಹೊಸ ತಾರೀಖು. ಇಂದುಧರ ತನ್ನ ಹಳೇ ಬೆಂಚಿನಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕೂತ. ಹಲಗೆಗೆ ಬೆನ್ನು ಮಾಡಿ ನಿಂತ ಗಾನವಿ ಮೆಲ್ಲಗೆ ಕೂಗಿದಳು.

"ಇಂದುಧರ!"

ಅವನು ಎದ್ದು ನಿಂತು, ತಲೆ ತಗ್ಗಿಸಿಕೊಂಡು ಹೇಳಿದ. "ಹಾಜರ್, ಮಿಸ್."

ಬೆನ್ನ ಹಿಂದೆ ಸೀಮೆಸುಣ್ಣ ಗೀಚಿದ ಸದ್ದು!

ಗಾನವಿ ತಿರುಗಿದಳು. ಹಲಗೆಯ ಕೆಳಗಿನ ಪಟ್ಟಿಯ ಮೇಲೆ ಸೀಮೆಸುಣ್ಣದ ತುಂಡೊಂದು ಇನ್ನೂ ಉರುಳುತ್ತಿತ್ತು.

ಒಟ್ಟು 2. ಹಾಜರಿ 2. ಗೈರು 0.

ಇಂದುಧರ ಹತ್ತಿರ ಬಂದು ಅವಳ ತಣ್ಣಗಾದ ಕೈ ಹಿಡಿದುಕೊಂಡ.

"ನಾನು ಬರೀಲಿಲ್ಲ ಕಣೇ..."

"ಗೊತ್ತು ಕಣೋ." 'ನೀವು' ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ. "ಇನ್ಮೇಲೆ ಗೈರಾಗಲ್ಲ ತಾನೇ?"

"ಒಂದು ದಿನಾನೂ ಇಲ್ಲ. ಅಕಸ್ಮಾತ್ ಗೈರಾದ್ರೆ?"

ಕಣ್ಣೀರಿನ ನಡುವೆಯೇ ಗಾನವಿ ನಕ್ಕಳು.

"ಆದ್ರೆ, ಮಿಸ್ಸಿನ ಮುಂದೇನೇ ಬೆಂಚಿನ ಮೇಲೆ ನಿಲ್ಲಿಸ್ತೀನಿ."