ಹಳದಿ ಮಣ್ಣಿನ ಗೂಡು

ಡೆನೀಸಳ ಕಾರು ಸಿಕ್ಕಿದ್ದು ಷಿಕಾಗೋ ರೈಲು ಹತ್ತುವ ನಿಲ್ದಾಣದ ಹಿಂಬದಿಯಲ್ಲಿ. ಬಾಗಿಲಿಗೆ ಬೀಗ. ಹಿಂದಿನ ಸೀಟಿನ ಮೇಲೆ ಅವಳು ಕೆಲಸಕ್ಕೆ ಕಟ್ಟುವ ಏಪ್ರನ್, ಮಡಿಸಿದ್ದು ಮಡಿಸಿದ ಹಾಗೇ. ಅವಳು ಮಾತ್ರ ಇಲ್ಲ.

ಮೇ ಕೊನೆಯ ಒಂದು ಬೆಳಗಿನ ಜಾವ ವೃದ್ಧಾಶ್ರಮದ ಅಡುಗೆಮನೆಗೆ ಹೊರಟವಳು ಅಲ್ಲಿಗೆ ತಲುಪಿರಲಿಲ್ಲ. ರೈಲು ಹತ್ತಿದ್ದನ್ನು ಕಂಡವರೂ ಇರಲಿಲ್ಲ. ಅವಳ ತಾಯಿ ವರ್ನಾ ಕುಬಿಯಾಕ್ ಪೊಲೀಸರಿಗೆ ಹೇಳಿದ್ದು ಒಂದೇ ಮಾತು — "ಮೊದಲು ಕರ್ಟ್‌ನ ಹಿಡೀರಿ."

ಕರ್ಟ್ ಎಂದರೆ ಅಳಿಯ. ಡೆನೀಸ್ ಅವನನ್ನು ಬಿಟ್ಟು ತಾಯಿಯ ಮನೆಗೆ ಬಂದು ಒಂದು ಚಳಿಗಾಲ ಕಳೆದಿತ್ತು. ಆರಡಿ ಮೀರಿದ ಆಳು, ಮೂಗಿನ ತುದಿಯಲ್ಲೇ ಕೋಪ. ಕಾರಿನ ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಡೆನೀಸ್ ನೋಡಿದರೆ ಗಿಡ್ಡ. ಇನ್ನೇನು ಬೇಕು? ವರ್ನಾ ದಿನಸಿ ಅಂಗಡಿಯಲ್ಲಿ, ಎಲ್ಲರ ಎದುರು, ಅವನ ಕೆನ್ನೆಗೆ ಬಾರಿಸಿದಳು. ಅವನು ತುಟಿ ಎರಡು ಮಾಡಲಿಲ್ಲ. ತಪ್ಪು ಮಾಡಿದವನಲ್ಲದೆ ಇನ್ಯಾರು ಹೀಗೆ ಸುಮ್ಮನೆ ನಿಲ್ಲುತ್ತಾರೆ ಎಂದುಕೊಂಡಳು ಆಕೆ.

ಆ ರಾತ್ರಿಯೆಲ್ಲ ಅವನು ಟೈರ್ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ ಎಂದು ಜೊತೆಗಾರರು ಹೇಳಿದರು. ಪೊಲೀಸರು ಬಿಟ್ಟರು. ಊರಿಗೆ ಬೇರೆ ಕಥೆ ಬೇಕಾಯಿತು, ಸಿಕ್ಕಿತು — ಡೆನೀಸ್ ಯಾರ ಜೊತೆಗೋ ಓಡಿಹೋದಳಂತೆ.

ಈ 'ಅಂತೆ'ಯೇ ವರ್ನಾಳನ್ನು ಒಳಗೊಳಗೇ ತಿಂದದ್ದು. ಸತ್ತಳೆಂದರೆ ಅಳಬಹುದು. ಬಿಟ್ಟು ಹೋದಳೆಂದರೆ? ಹೆತ್ತವಳಿಗೆ ಒಂದು ಮಾತು ಹೇಳದೆ ಹೋದಳೆಂದರೆ? ಫೋನು ಗಂಟಲು ಬಿಚ್ಚಿದಾಗಲೆಲ್ಲ ಓಡಿಬಂದು ಎತ್ತುವುದು, ಎತ್ತಿ ಯಾರದೋ ದನಿ ಕೇಳಿ ಇಡುವುದು — ಇಷ್ಟೇ ಆಗಿತ್ತು ಅವಳ ದಿನ.

ಒಂದು ಹಕ್ಕಿ ಇಲ್ಲದಿದ್ದರೆ ಅವಳಿಗೆ ಹುಚ್ಚೇ ಹಿಡಿಯುತ್ತಿತ್ತು.

ಕೆಂಪೆದೆಯ ರಾಬಿನ್. ವಸಂತದಲ್ಲಿ ಅದು ಹಿತ್ತಿಲ ಬಾಗಿಲ ದೀಪದ ಮೇಲೆ ಗೂಡು ಕಟ್ಟಿದಾಗ ಡೆನೀಸ್ ಹೊಸ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆಯುತ್ತ ಕೂರುತ್ತಿದ್ದಳು. ನೀಲಿ ಮೊಟ್ಟೆ, ಕಣ್ಣು ಬಿಡದ ಮರಿ, ಎಲ್ಲ. ಮರಿಗಳು ಹಾರಿದವು, ಅವುಗಳ ಹಿಂದೆಯೇ ಡೆನೀಸಳೂ ಕಾಣೆಯಾದಳು. ಜೂನ್‌ನಲ್ಲಿ ಅದೇ ಹಕ್ಕಿ ಎರಡನೇ ಗೂಡು ಹಾಕಿತು — ಈ ಸಲ ಅಡುಗೆಮನೆ ಕಿಟಕಿಯ ಎದುರು, ಮಳೆನೀರಿನ ಕೊಳವೆ ಬಾಗುವ ಜಾಗದಲ್ಲಿ. ವರ್ನಾ ಮಗಳ ಕ್ಯಾಮೆರಾ ಕೈಗೆ ತೆಗೆದುಕೊಂಡಳು. ಬಂದರೆ ತೋರಿಸಬೇಕಲ್ಲ! ಪ್ರಿಂಟು ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: ಎಡಕ್ಕೆ ಮಗಳು ತೆಗೆದದ್ದು, ಬಲಕ್ಕೆ ತಾನು ತೆಗೆದದ್ದು.

ಜೂನ್ ಮುಗಿಯುವ ಹೊತ್ತಿಗೆ ಪೊಲೀಸ್ ಪತ್ತೇದಾರಿ ಒಡೆಸ್ಸಾ ಪ್ರೂಯಿಟ್ ಬಂದಳು. ಮೊದಲಿನಿಂದಲೂ ಕೇಸು ಅವಳದೇ. ಒಳ್ಳೆಯ ಸುದ್ದಿಯಲ್ಲ ಎಂದು ಮುಖದಲ್ಲೇ ಬರೆದಿತ್ತು.

"ಕೂತ್ಕೊಳ್ಳಿ ಆಫೀಸರಮ್ಮ. ಕಾಫಿ ಕುಡಿದು ಹೇಳಿ. ಕೆಟ್ಟ ಸುದ್ದಿನ ಬರೀ ಹೊಟ್ಟೇಲಿ ಹೇಳ್ಬೇಡಿ."

"ಮೇಲಿನವರು ಫೈಲು ಬದಿಗಿಡು ಅಂತಿದಾರೆ, ವರ್ನಾ ಅವ್ರೇ. ಸ್ವಂತ ಇಷ್ಟದಿಂದ ಹೋಗಿದಾರೆ ಅಂತ ಬರೆದು."

"ಬರೀರಿ. ಹೋಗೋ ಮುಂಚೆ ಕಸದ ಡಬ್ಬ ಎಳ್ಕೊಂಡು ಹೋಗಿ ರಸ್ತೆಗಿಟ್ಟು ಹೋದ್ಲು ಅಂತಾನೂ ಬರೀರಿ. ಯಾವನ ಜೊತೆಗೋ ಓಡಿಹೋಗೋಳು ಅಮ್ಮನ ಮನೆ ಕಸದ ಬಗ್ಗೆ ತಲೆ ಕೆಡಿಸ್ಕೋತಾಳಾ?"

ಇದನ್ನು ಒಡೆಸ್ಸಾ ಹಲವು ಸಲ ಕೇಳಿದ್ದಳು, ಮೇಲಿನವರಿಗೂ ಹೇಳಿದ್ದಳು. ಕಾಫಿ ಲೋಟ ಹಿಡಿದು ಎದ್ದು ಫ್ರಿಜ್ಜಿನ ಮುಂದೆ ನಿಂತಳು.

"ಎರಡೂ ಒಂದೇ ಹಕ್ಕೀನಾ?"

"ಒಂದೇ. ಬಾಲದಲ್ಲಿ ಬಿಳಿ ಪುಕ್ಕ ಇದೆ ನೋಡಿ."

"ಗೂಡು ಮಾತ್ರ ಬೇರೆ ಬಣ್ಣ?"

"ಹೂಂ. ಊರಿನ ಹಕ್ಕಿ ಸಂಘಕ್ಕೆ ಫೋಟೋ ತೋರಿಸಿದ್ದೆ, ಅವರೂ ಅದನ್ನೇ ಹೊಗಳಿದ್ರು. ಜೇನಿನ ಬಣ್ಣ ಅಂತೆ."

ಒಡೆಸ್ಸಾ ಲೋಟವನ್ನು ಬಾಯಿಯ ಬಳಿಯೇ ಹಿಡಿದು ನಿಂತಳು. ಎಡಗಡೆಯ ಗೂಡಿನ ಮಣ್ಣು ಕಪ್ಪು. ಬಲಗಡೆಯದು ಹಳದಿ, ಒತ್ತಿ ಮೆತ್ತಿದ ಜೇಡಿ.

"ನಿಮ್ಮ ಬೀದೀಲಿ ಹಳದಿ ಮಣ್ಣು ಎಲ್ಲಿದೆ?"

"ಎಲ್ಲೂ ಇಲ್ಲ. ಎಲ್ಲ ಕಾಡಿಗೆ ಹಾಗೆ ಕಪ್ಪು. ಹಳದಿ ಇರೋದು ಕೆಳಗೆ, ಬಹಳ ಕೆಳಗೆ. ನಮ್ಮ ನಾಯಿ ಪಿರೋಗಿ ಸತ್ತಾಗ ನನ್ನ ಗಂಡ ಸೊಂಟದುದ್ದ ಅಗೆದ್ರು. ಆಗ ಬಂತು. ಗುದ್ದಲಿಗೆ ಅಂಟ್ಕೊಂಡ್ರೆ ಬಿಡೋದೇ ಇಲ್ಲ. ಅವರು ಬೈದ ಬೈಗುಳ ಇನ್ನೂ ಕಿವೀಲಿದೆ."

"ಈ ಗೂಡು ಕಟ್ಟೋವಾಗ ಮಳೆ ಬಂದಿತ್ತಾ?"

"ಎಲ್ಲಿಯ ಮಳೆ? ಹುಲ್ಲಿಗೆ ಪೈಪಲ್ಲಿ ನೀರು ಬಿಟ್ರೆ ದಂಡ ಹಾಕ್ತಿದಾರೆ. ಹೊರಗೆ ನೋಡಿ, ಬೀದಿಯೆಲ್ಲ ಸುಟ್ಟ ಬ್ರೆಡ್ಡಿನ ಹಾಗಿದೆ."

"ಮತ್ತೆ ಹಕ್ಕಿಗೆ ಹಸಿ ಮಣ್ಣು ಎಲ್ಲಿಂದ ಬಂತು?"

ವರ್ನಾ ಬಾಯಿ ತೆರೆಯುವಷ್ಟರಲ್ಲಿ ಹಿತ್ತಿಲ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆಯ ಹಾರ್ಲನ್ ಸ್ಟ್ರೌಡ್, ಬಾಣಲೆಯಲ್ಲಿ ಹುರಿದ ಮೀನು ಹಿಡಿದು ನಿಂತಿದ್ದ. ಹೆಂಡತಿ ಸತ್ತ ಮೇಲೆ ಒಂಟಿ, ಉದ್ದನೆಯ ಜೀವ. ಡೆನೀಸ್ ಕಾಣೆಯಾದಾಗ ಅವಳ ಚಿತ್ರವಿದ್ದ ಕಾಗದಗಳನ್ನು ಕಂಬಕಂಬಕ್ಕೆ ಅಂಟಿಸಿದವನು ಅವನೇ. ಗೂಡಿನ ಫೋಟೋ ತೆಗೆಯಲು ವರ್ನಾಳಿಗೆ ಏಣಿ ಕೊಟ್ಟವನೂ ಅವನೇ.

"ಹಕ್ಕಿ ಪುರಾಣ ಇನ್ನೂ ಮುಗಿದಿಲ್ವಾ ಮಾರಾಯ್ತಿ? ಎಷ್ಟು ಸಲ ಹೇಳ್ದೆ, ಆ ಗೂಡು ಕಿತ್ತು ಬಿಸಾಕ್ತೀನಿ ಅಂತ. ಗೋಡೆಯೆಲ್ಲ ಗಲೀಜು."

"ಮುಟ್ಟಿ ನೋಡು, ಕೈ ಮುರೀತೀನಿ!"

"ಮರಿ ಇರೋ ಗೂಡು ಮುಟ್ಟೋದು ಅಪರಾಧ," ಎಂದಳು ಒಡೆಸ್ಸಾ ನಗುತ್ತ. "ಅದರ ಮೇಲೆ ಯಾಕೆ ಅಷ್ಟು ಸಿಟ್ಟು?"

"ನನ್ನ ಮೇಪಲ್ ಗಿಡದ ಬುಡಕ್ಕೆ ಮರದ ಚಕ್ಕೆ ಹರಡಿದೀನಿ. ದರಿದ್ರದ್ದು ದಿನಾ ಕೆದರಿ ಹಾಕತ್ತೆ. ದಿನಾ ನಾನು ಕುಂಟೆ ಹಿಡಿದು ಮುಚ್ಚಬೇಕು."

"ಯಾವಾಗ ನೆಟ್ಟಿದ್ದು?"

ಉತ್ತರ ಕೊಟ್ಟದ್ದು ವರ್ನಾ. "ಡೆನೀಸ್ ಹೋದ ದಿನಾನೇ. ಹಿಂದಿನ ಸಂಜೆ ಗುಂಡಿ ತೋಡಿ, ಅಯ್ಯೋ ಸೊಂಟ ಅಂತ ಕೂತಿದ್ದ. ಭಾನುವಾರ ನೆಡ್ತೀನಿ ಅಂದ. ಮಾರನೇ ದಿನ ನಾನು ಏಳೋ ಹೊತ್ತಿಗೆ ನೆಟ್ಟೇಬಿಟ್ಟಿದ್ದ ಭೂಪ!"

"ಗುಂಡಿ ಎಷ್ಟು ಆಳ ತೋಡಿದ್ರಿ?"

"ಮಂಡಿಯುದ್ದ. ಗಿಡಕ್ಕೆ ಇನ್ನೆಷ್ಟು ಬೇಕು?" ಎಂದು ಹಾರ್ಲನ್ ನಕ್ಕ.

ಒಡೆಸ್ಸಾಳೂ ನಕ್ಕಳು. ಕಾಫಿ ಮುಗಿಸಿದಳು. ಫ್ರಿಜ್ಜಿನಿಂದ ಎರಡು ಫೋಟೋ ಕೇಳಿ ಪಡೆದಳು. ಹೊರಗೆ ಬಂದು ಬೇಲಿಯ ಪಕ್ಕ ಸ್ವಲ್ಪ ಹೊತ್ತು ನಿಂತಳು. ರಾಬಿನ್ ಹಾರ್ಲನ್‌ನ ಗಿಡದ ಬುಡದಲ್ಲಿ ಇಳಿದು, ಕೊಕ್ಕಿನಿಂದ ಚಕ್ಕೆಗಳನ್ನು ಅತ್ತಿತ್ತ ಎಸೆದು, ಹುಳು ಹುಡುಕುತ್ತಿತ್ತು. ಚಕ್ಕೆ ಸರಿದಲ್ಲೆಲ್ಲ ನೆಲ ಹಳದಿಯಾಗಿತ್ತು.

ಮರುದಿನ ಮಧ್ಯಾಹ್ನ ಅವಳು ನ್ಯಾಯಾಧೀಶರ ಆದೇಶದೊಂದಿಗೆ ಬಂದಳು. ಜೊತೆಗೆ ಗುದ್ದಲಿ, ಬಿಳಿ ಡೇರೆ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಜನ.

ಅಗೆತ ಬಹಳ ಹೊತ್ತು ಹಿಡಿಯಲಿಲ್ಲ. ಡೇರೆಯೊಳಗಿಂದ ಒಬ್ಬ ಹೊರಬಂದು ಒಡೆಸ್ಸಾಳತ್ತ ತಲೆಯಾಡಿಸಿದ. ಡೆನೀಸ್ ಅಡುಗೆಮನೆ ಕೆಲಸಕ್ಕೆ ಹಾಕುತ್ತಿದ್ದ ಬಿಳಿ ಬೂಟು ಮೊದಲು ಕಂಡಿತ್ತು. ವರ್ನಾ ತನ್ನ ಹಿತ್ತಿಲ ಮೆಟ್ಟಿಲ ಮೇಲೆ ಕೂತೇ ಇದ್ದಳು. ಕಿರುಚಲಿಲ್ಲ. ಬೇಲಿಯಾಚೆ ಕರ್ಟ್ ಬಂದು ನಿಂತಿದ್ದ. ಅವನೇ ಬಿಕ್ಕಿ ಬಿಕ್ಕಿ ಅತ್ತದ್ದು.

ಹಾರ್ಲನ್‌ನನ್ನು ಇಬ್ಬರು ಪೊಲೀಸರು ಹಿಡಿದು ತಂದರು. "ನಂಗೇನೂ ಗೊತ್ತಿಲ್ಲ. ನಾನು ಗುಂಡಿ ತೋಡಿಟ್ಟು ಮಲಗಿದ್ದೆ. ಯಾರೋ ಬಂದು..."

"ಯಾರೋ ಬಂದು ಹೂತು ಹೋದ್ರು, ಬೆಳಿಗ್ಗೆ ನೀವು ಅದರ ಮೇಲೆ ಗಿಡ ನೆಟ್ರಿ?" ಒಡೆಸ್ಸಾ ದನಿ ಏರಿಸಲಿಲ್ಲ. "ಮಂಡಿಯುದ್ದ ಅಂದ್ರಿ. ಮಂಡಿಯುದ್ದದ ಗುಂಡೀಲಿ ಕಪ್ಪು ಮಣ್ಣು ಬಿಟ್ರೆ ಬೇರೇನೂ ಬರಲ್ಲ, ಹಾರ್ಲನ್. ಹಳದಿ ಬೇಕಂದ್ರೆ ಸೊಂಟದುದ್ದ ಇಳೀಬೇಕು. ಬೆಳಿಗ್ಗೆ ನಿಮ್ಮ ಗುಂಡಿಯಿಂದ ಹಳದಿ ಮಣ್ಣು ಮೇಲೆ ಬಂದಿದ್ರೆ ನಿಮಗೆ ಕಾಣಬೇಕಿತ್ತಲ್ಲ? ಕಾಣ್ತು. ಅದಕ್ಕೇ ಚಕ್ಕೆ ಹರಡಿದ್ರಿ."

ಹಾರ್ಲನ್ ಡೇರೆಯತ್ತ ತಿರುಗಿದ.

"ನಮ್ಮದೂ ತಪ್ಪಿದೆ. ಮೊದಲ ದಿನ ಆ ಗಿಡದ ಪಕ್ಕದಲ್ಲೇ ನಿಂತು ನಿಮ್ಮ ಹತ್ರ ಮಾತಾಡಿದ್ವಿ. ಗುಂಡಿ ಹಿಂದಿನ ಸಂಜೆಯೇ ತೋಡಿದ್ದು, ಬೀದಿಯವರೆಲ್ಲ ನೋಡಿದಾರೆ ಅಂತ ಬಿಟ್ವಿ. ಕೆಳಗಿನ ಮಣ್ಣು ಮೇಲೆ ಬಂದಿದ್ದನ್ನ ಆ ಹಕ್ಕಿ ಒಂದೇ ನೋಡ್ತು. ಕೊಕ್ಕಲ್ಲಿ ಹೊತ್ತು ತಂದು ಅವಳ ಅಮ್ಮನ ಕಿಟಕಿ ಮುಂದೆ ಇಟ್ತು. ಈಗ ಹೇಳಿ — ಸೀಟು ಹಿಂದಕ್ಕೆ ತಳ್ಳಿ ಕಾರು ನೀವೇ ಬಿಟ್ಟು ಬಂದ್ರಿ, ಅಲ್ವಾ? ರೈಲು ಹಳಿ ಹಿಡಿದು ನಡ್ಕೊಂಡು ಬಂದ್ರಾ?"

ಅವನು ಬಂದು ವರ್ನಾ ಕೂತಿದ್ದ ಮೆಟ್ಟಿಲಿಗೆ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಮೀನು ಹಿಡಿಯೋಕೆ ಹೊರಟಿದ್ದೆ. ಕುಡಿದಿದ್ದೆ. ಟ್ರಕ್ಕು ಹಿಂದಕ್ಕೆ ತಗೊಂಡೆ. ಅವಳು ಕಸದ ಡಬ್ಬ ಎಳ್ಕೊಂಡು ಹೋಗ್ತಿದ್ಲು... ಕಾಣ್ಲಿಲ್ಲ."

"ಫೋನ್ ಮಾಡಬಹುದಿತ್ತು."

"ಕುಡಿದು ಓಡಿಸಿ ಮೊದಲೇ ಎರಡು ಸಲ ಸಿಕ್ಕಿಬಿದ್ದಿದ್ದೆ. ಇನ್ನೊಂದು ಸಲ ಅಂದ್ರೆ ಜೈಲೇ."

"ಹಾರ್ಲನ್." ವರ್ನಾ ಮೊದಲ ಬಾರಿಗೆ ಮಾತಾಡಿದಳು. ಆ ಬೆಳಗಿನ ಜಾವ ಅವಳು ಕಿವಿ ಕೇಳಿಸುವ ಯಂತ್ರ ತೆಗೆದಿಟ್ಟು, ಈ ಗೋಡೆಯ ಆಚೆಗೇ ಮಲಗಿದ್ದಳು. "ಅವಳಿಗೆ ಉಸಿರಿತ್ತಾ?"

ಅವನು ತನ್ನ ಅಂಗೈ ನೋಡಿಕೊಂಡ.

"ಕೇಳಿದ್ದಕ್ಕೆ ಹೇಳು. ಉಸಿರಿತ್ತಾ?"

"ನಾನು ನೋಡ್ಲಿಲ್ಲ, ವರ್ನಾ."

ಕೊಳವೆಯ ಮೇಲೆ ಮರಿಗಳು ಬಾಯಿ ತೆರೆದು ಚೀರುತ್ತಿದ್ದವು. ಪೊಲೀಸರು ಅವನನ್ನು ಎಬ್ಬಿಸಿ ಕರೆದೊಯ್ದರು. ಅವನು ಹೋದ ಮೇಲೆ ವರ್ನಾ ಮೆಟ್ಟಿಲ ಬದಿಯಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟಿನತ್ತ ಕೈ ತೋರಿಸಿದಳು.

"ನೀರು ಎಲ್ಲಿಂದ ಬಂತು ಅಂತ ಕೇಳಿದ್ರಲ್ಲ ನಿನ್ನೆ? ನಂದು. ಪಾತ್ರೆ ತೊಳೆದ ನೀರು. ಅವನೇ ಕೇಳ್ದ — ಸೊಂಟ ಎತ್ತೋಕಾಗಲ್ಲ, ಗಿಡ ಒಣಗಿಹೋಗತ್ತೆ, ಒಂದಿಷ್ಟು ಹಾಕು ಮಾರಾಯ್ತಿ ಅಂತ. ದಿನಾ ಸಂಜೆ ಹಾಕ್ತಿದ್ದೆ. ಅವಳ ಮೇಲೆ ಎಂಜಲು ನೀರು ಹಾಕ್ತಿದ್ದೆ, ಆಫೀಸರಮ್ಮ."

"ಗಿಡ ಸತ್ತರೆ ಕೀಳಬೇಕಾಗ್ತಿತ್ತು. ಅವನಿಗೆ ಆ ಭಯ." ಒಡೆಸ್ಸಾ ಅವಳ ಪಕ್ಕ ಕೂತಳು. "ಆದ್ರೆ ನೀವು ಹಾಕದೇ ಇದ್ದಿದ್ರೆ ಮಣ್ಣು ಹಸಿಯಾಗ್ತಿರಲಿಲ್ಲ. ಹಕ್ಕಿ ಅಲ್ಲಿಗೆ ಹೋಗ್ತಾನೇ ಇರಲಿಲ್ಲ. ನಾನು ನಿನ್ನೆ ಫೈಲು ಮುಚ್ಚಿಬಿಡ್ತಿದ್ದೆ."

ವರ್ನಾ ಆ ಮಾತನ್ನು ಕೇಳಿಸಿಕೊಂಡಳು. ಸಮಾಧಾನವೇನೂ ಆಗಲಿಲ್ಲ. ಮಗಳು ಬಿಟ್ಟು ಹೋಗಿರಲಿಲ್ಲ, ಅಷ್ಟು ಗೊತ್ತಾಯಿತು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು. ಆಗ ಅತ್ತಳು. ತಡೆದಿಟ್ಟಿದ್ದೆಲ್ಲ ಬಂತು.

ನ್ಯಾಯಾಲಯಕ್ಕೆ ಗೂಡು ಸಾಕ್ಷಿಯಾಗಿ ಬೇಕಿತ್ತು. ಆದರೆ ಒಳಗೆ ಮರಿಗಳಿದ್ದವು, ಕಾನೂನಿನ ಪ್ರಕಾರ ಮುಟ್ಟುವಂತಿರಲಿಲ್ಲ. ಹಾಗಾಗಿ ಇಡೀ ಪೊಲೀಸ್ ಇಲಾಖೆ ಮರಿಗಳು ಹಾರುವುದನ್ನೇ ಕಾಯಿತು. ವರ್ನಾಳೂ ಕಿಟಕಿಯಲ್ಲಿ ಕೂತು ಕಾದಳು. ಫೋಟೋ ಮಾತ್ರ ತೆಗೆಯಲಿಲ್ಲ. ಕ್ಯಾಮೆರಾವನ್ನು ಡೆನೀಸಳ ಮಂಚದ ಮೇಲೆ ಇಟ್ಟು ಬಾಗಿಲು ಎಳೆದುಕೊಂಡಿದ್ದಳು.

ಕೊನೆಯ ಮರಿಯೂ ಬೇಲಿ ದಾಟಿದ ದಿನ ಒಡೆಸ್ಸಾ ರಟ್ಟಿನ ಪೆಟ್ಟಿಗೆ ತಂದಳು. ಹಾರ್ಲನ್‌ನ ಏಣಿ ಬೇಡ ಎಂದಳು ವರ್ನಾ. ಯಾರಿಗೋ ಫೋನು ಮಾಡಿದಳು. ಕರ್ಟ್ ತನ್ನ ಏಣಿ ಹೊತ್ತು ಬಂದ. ಅವನು ನಮಸ್ಕಾರ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಅವನು ಬಾಗಿ ಏಣಿ ಊರುವಾಗ ತಾನು ಬಾರಿಸಿದ ಕೆನ್ನೆಯನ್ನು ಅವಳು ಒಮ್ಮೆ ಅಂಗೈಯಿಂದ ಮುಟ್ಟಿದಳು. ಅವನು ಕಣ್ಣು ಮುಚ್ಚಿ ತೆರೆದು, ಮೇಲೆ ಹತ್ತಿದ.

ಕೈಗವಸು ಹಾಕಿದ ಕೈಗಳಿಂದ ಗೂಡನ್ನು ಕೊಳವೆಯಿಂದ ಬಿಡಿಸಿದ. ಒಣಗಿದ ಅಂಚಿನಿಂದ ಒಂದಿಷ್ಟು ಹಳದಿ ಪುಡಿ ಉದುರಿತು. ಕೆಳಗೆ ನಿಂತಿದ್ದ ವರ್ನಾ ತಟ್ಟನೆ ಎರಡೂ ಕೈ ಬೊಗಸೆ ಮಾಡಿ ಅದನ್ನು ಹಿಡಿದುಕೊಂಡಳು.

"ನಿಧಾನ ಕಣೋ ಕರ್ಟ್," ಎಂದಳು. "ಡೆನೀಸ್ ಮೇಲಿದ್ದ ಮಣ್ಣು ಅದು."