ಬಡಗಿಯ ಕಿವಿಗೆ ಬಿದ್ದ ಮಾತು

ಹೊಗೆ ಮೊದಲು ಕಂಡದ್ದು ಪಕ್ಕದ ಅಂಗಡಿಯ ಬಡಗಿಗೆ. ಬೆಳಗ್ಗೆ ಬಾಗಿಲು ತೆಗೆಯಲು ಬಂದವನು, ಪಿಟೀಲು ಮಾಡುವ ಅಜ್ಜನ ಅಂಗಡಿಯ ಕಿಟಕಿ ಒಡೆದು ಒಳಗೆ ನುಗ್ಗಿದ. ಹಿಂದಿನ ಕೋಣೆಯಲ್ಲಿ ಅಜ್ಜ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಉಸಿರು ಎಳೆಯಷ್ಟು ಉಳಿದಿತ್ತು.

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಬೆಂಕಿ ಆರಿತ್ತು. ಆಕೆ ಮೊದಲು ವೈರಿಂಗ್ ನೋಡಿದರು. ಸುಟ್ಟಿರಲಿಲ್ಲ. ನೆಲದ ತುಂಬ ವಾರ್ನಿಷ್ ಸುರಿದ ಗುರುತು. ಬೀಗ ಒಡೆದಿರಲಿಲ್ಲ.

"ಕೀಲಿ ಯಾರ ಹತ್ತಿರ ಇತ್ತು?"

"ಅಪ್ಪ, ನಾನು, ಆ ಹುಡುಗಿ," ಎಂದ ಅಜ್ಜನ ಮಗ. "ಅಪ್ಪ ಇಲ್ಲಿ ಯಾವತ್ತೂ ಮಲಗಲ್ಲ ಮೇಡಂ. ನಿನ್ನೆ ಯಾಕೆ ಉಳಿದರೋ!"

ಆ ಹುಡುಗಿ ಪರದೇಶದವಳು, ಅಜ್ಜನ ಶಿಷ್ಯೆ. ಇಂಗ್ಲಿಷ್ ಬಿಟ್ಟರೆ ಇಲ್ಲಿಯವರ ಜೊತೆ ಆಡಲು ಅವಳಿಗೆ ಬೇರೆ ಮಾತಿರಲಿಲ್ಲ.

"ನಿನ್ನೆ ಸಂಜೆ ಅಜ್ಜನ ಮುಂದೆ ಅಳ್ತಾ ಕೂಗಾಡ್ತಿದ್ಲು," ಎಂದ ಬಡಗಿ. "ಸುಡ್ತೀನಿ ಅಂದ್ಲು. ನನ್ನ ಕಿವಿಯಾರೆ ಕೇಳಿದ್ದೀನಿ."

* * *

ಠಾಣೆಯಲ್ಲಿ ಹುಡುಗಿ ಬಿಕ್ಕುತ್ತ ಪಟಪಟನೆ ಮಾತಾಡಿದಳು. ಇನ್ಸ್‌ಪೆಕ್ಟರ್‌ಗೆ ಇಂಗ್ಲಿಷ್ ಶಾಲೆಯಲ್ಲಿ ಕಲಿತಷ್ಟೇ ಗೊತ್ತು. ಆ ವೇಗದಲ್ಲಿ ಒಂದಕ್ಷರ ಕೈಗೆ ಸಿಗಲಿಲ್ಲ. ಮಗನೇ ಮುಂದೆ ಬಂದು ಕನ್ನಡಕ್ಕೆ ತಿರುಗಿಸಿದ.

"‘ಅಂಗಡಿ ಸುಡ್ತೀನಿ ಅಂತ ಅಜ್ಜನಿಗೆ ಹೇಳಿದೆ’ ಅಂತಿದ್ದಾಳೆ."

ಹುಡುಗಿ ಅವನತ್ತ ಬೆರಳು ಮಾಡಿದಳು.

"ನನ್ನ ಮೇಲೂ ಸಿಟ್ಟಂತೆ," ಎಂದ ಅವನು.

ತಪ್ಪೊಪ್ಪಿಗೆ ಇಷ್ಟು ಸಲೀಸಾಗಿ ಬಂದದ್ದೇ ಇನ್ಸ್‌ಪೆಕ್ಟರ್‌ಗೆ ಹಿಡಿಸಲಿಲ್ಲ. ಎದ್ದು ಸೀದಾ ಬಡಗಿಯ ಅಂಗಡಿಗೆ ನಡೆದರು.

* * *

"ಅವಳು ಆಡಿದ್ದು ಇಂಗ್ಲಿಷು. ಸುಡ್ತೀನಿ ಅಂದದ್ದು ನಿನಗೆ ಹೇಗಪ್ಪಾ ಗೊತ್ತಾಯ್ತು?"

"ಬರ್ನ್ ಗೊತ್ತು ಮೇಡಂ. ವುಡ್ ಅಂತೂ ನನ್ನ ಕಸುಬೇ. ‘ವುಡ್ ಬರ್ನ್’ ಅಂದ್ಲು. ಮರ ಸುಡ್ತೀನಿ ಅಂತ ತಾನೇ?"

"ಅದಕ್ಕೂ ಮುಂಚೆ ಏನಾದರೂ ಅಂದಳಾ?"

ಬಡಗಿ ತಲೆ ಕೆರೆದುಕೊಂಡ. "ಹೀ... ಹೌದು, ‘ಹೀ ವುಡ್ ಬರ್ನ್’."

ಇನ್ಸ್‌ಪೆಕ್ಟರ್ ಥಟ್ಟನೆ ತಿರುಗಿದರು. ಶಾಲೆಯಲ್ಲಿ ಇದೇ ಪಾಠಕ್ಕೆ ಆಕೆ ಬೆಂಚಿನ ಮೇಲೆ ನಿಂತದ್ದುಂಟು. ಹುಡುಗಿ ಮರದ ಮಾತೇ ಆಡಿರಲಿಲ್ಲ!

* * *

ಕಾಲೇಜಿನ ಇಂಗ್ಲಿಷ್ ಮೇಷ್ಟ್ರನ್ನು ಕರೆಸಿ ಹುಡುಗಿಯ ಹೇಳಿಕೆಯನ್ನು ಹೊಸದಾಗಿ ಕೇಳಿಕೊಂಡರು. ಆಮೇಲೆ ಮಗನಿಗೆ ಕುರ್ಚಿ ತೋರಿಸಿದರು.

"ಅವಳು ಬೆದರಿಸಿದ್ದಲ್ಲ. ಬೇರೆ ಯಾರೋ ಅಂದದ್ದನ್ನ ಅಜ್ಜನ ಕಿವಿಗೆ ಹಾಕಿದ್ದು."

"ಅಯ್ಯೋ, ಅದು ಕೋಪದಲ್ಲಿ ಬಾಯ್ತಪ್ಪಿ ಬಂದ ಮಾತು ಮೇಡಂ!"

"ಯಾರ ಬಾಯಿಂದ? ನಾನಿನ್ನೂ ಹೆಸರೇ ಎತ್ತಿಲ್ಲವಲ್ಲ."

ಮಗ ಕುರ್ಚಿಯಿಂದ ಏಳಹೋದ.

"ಇಂಗ್ಲಿಷ್‌ನಲ್ಲಿ ಒಬ್ಬ ಗಂಡಸಿನ ಮಾತನ್ನ ಇನ್ನೊಬ್ಬರಿಗೆ ಮುಟ್ಟಿಸುವಾಗ ‘ಐ’ ಹೋಗಿ ‘ಹೀ’ ಬರುತ್ತೆ, ‘ವಿಲ್’ ಹೋಗಿ ‘ವುಡ್’ ಬರುತ್ತೆ. ತಾನೇ ಸುಡೋಳಾಗಿದ್ದರೆ ‘ಐ ವಿಲ್’ ಅಂತಿದ್ಲು. ‘ಸುಡ್ತೀನಿ ಅಂದ ಅಂತ ಹೇಳಿದೆ’ ಅನ್ನೋದು ಅವಳ ಮಾತು. ನೀವು ನಡುವಿನ ‘ಅಂದ’ ನುಂಗಿದಿರಿ. ಅಷ್ಟಕ್ಕೇ ಅಪರಾಧ ಅವಳ ತಲೆಗೆ ಬಂತು. ಎಲ್ಲಿ, ಚಪ್ಪಲಿ ಬಿಡಿ."

ಅಟ್ಟೆಗೆ ವಾರ್ನಿಷ್ ಮೆತ್ತಿ ಗಟ್ಟಿಯಾಗಿತ್ತು.

"ನೆಲಕ್ಕೆ ವಾರ್ನಿಷ್ ಬಿದ್ದದ್ದು ಬೆಂಕಿ ಹಚ್ಚುವಾಗ. ಬೆಳಗ್ಗೆ ನೀವು ಬಂದದ್ದು ನಾನು ಬಂದ ಮೇಲೆ, ಹೊಸ್ತಿಲು ದಾಟಿಲ್ಲ. ನಾನೇ ತಡೆದಿದ್ದೆ."

ಮಗ ಎಲ್ಲವನ್ನೂ ಒಪ್ಪಿಕೊಂಡ. ಅಂಗಡಿ ಮಾರಬೇಕೆಂದು ಅವನ ಹಟ. ಕಸುಬಿನ ಜೊತೆಗೆ ಅದನ್ನೂ ಶಿಷ್ಯೆಗೇ ಬಿಡುತ್ತೇನೆಂದು ಅಪ್ಪನ ಹಟ. ಹೆದರಿ ಓಡಿಹೋಗಲಿ ಎಂದು ಹುಡುಗಿಯನ್ನು ಬೆದರಿಸಿದ್ದ. ಅವಳು ಓಡಲಿಲ್ಲ, ಅಜ್ಜನಿಗೆ ಹೇಳಿದಳು. ಅಜ್ಜ ಅಂಗಡಿ ಕಾಯಲು ಅಲ್ಲೇ ಮಲಗಿದರು.

"ಅಪ್ಪ ಒಳಗಿರೋದು ಗೊತ್ತಿರಲಿಲ್ಲ..." ಎಂದು ಮುಖ ಮುಚ್ಚಿಕೊಂಡ.

* * *

ಆಸ್ಪತ್ರೆಯಲ್ಲಿ ಅಜ್ಜ ಕಣ್ಣು ಬಿಟ್ಟಾಗ ಹುಡುಗಿ ಅವರ ಕೈ ಹಿಡಿದು ಕೂತಿದ್ದಳು. ಅಜ್ಜನ ನೋಟ ಅವಳನ್ನು ದಾಟಿ ಇನ್ಸ್‌ಪೆಕ್ಟರ್ ಮೇಲೆ ನಿಂತಿತು.

"ನನ್ನ ಮಗ ಏನಂದ?"

ಇನ್ಸ್‌ಪೆಕ್ಟರ್ ಮಂಚದ ಹತ್ತಿರ ಬಂದರು. "‘ಅಪ್ಪ ಒಳಗಿರೋದು ಗೊತ್ತಿರಲಿಲ್ಲ’ ಅಂದ್ರು."

"ಹಾಗೇ ಅಂದನಾ? ನೀವು ಸೇರಿಸಿದ್ದಲ್ಲ ತಾನೇ?"

"ಒಂದಕ್ಷರ ಸೇರಿಸಿಲ್ಲ ಅಜ್ಜಾ."

ಅಜ್ಜ ಕಣ್ಣು ಮುಚ್ಚಿ, ಆ ಮಾತನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡರು.